ಕಲಿತ ಪದ ನೆನಪಿನಲ್ಲಿ ನಿಲ್ಲುವುದೆಂತು?

ಪ್ರೌಢಶಾಲೆಯಲ್ಲಿ ಭೌತಶಾಸ್ತ್ರವನ್ನು ಕನ್ನಡದಲ್ಲಿ ಓದಿ, ಕಾಲೇಜಿಗೆ ಬಂದೊಡನೆ ಅದೇ ಶಾಸ್ತ್ರವನ್ನು ಇಂಗ್ಲಿಷಿನಲ್ಲಿ ಕೇಳಬೇಕಾಗುವ ವಿದ್ಯಾರ್ಥಿಗಳು ನಮ್ಮಲ್ಲಿ ಬಹುಮಂದಿ. ಅವರಿಗೆ ಬುದ್ಧಿಯ ಕೊರತೆಯಿಲ್ಲ. ಪ್ರಯೋಗಶಾಲೆಯಲ್ಲಿ ಅವರ ಕೈಯೂ ಚುರುಕು. ಆದರೆ ಪ್ರಶ್ನೆಯೊಂದನ್ನು ಕೇಳಿದರೆ ಬಾಯಿ ಕಟ್ಟುತ್ತದೆ. ವಿಷಯ ತಿಳಿದಿರುತ್ತದೆ, ಅದರ ಹೆಸರು ನಾಲಗೆಗೆ ಬಾರದು. ಕೆಲವೇ ತಿಂಗಳುಗಳಲ್ಲಿ ಅಂಥವರು ವಿಜ್ಞಾನವೇ ತಮಗೆ ಒಗ್ಗದೆಂದು ತೀರ್ಮಾನಿಸಿಕೊಳ್ಳುವುದುಂಟು. ಪದಗಳ ತೊಡಕನ್ನು ಬುದ್ಧಿಯ ಕೊರತೆಯೆಂದು ಭ್ರಮಿಸಿ ಶಾಸ್ತ್ರವನ್ನೇ ತೊರೆದರೆ ಅದು ವಿದ್ಯಾರ್ಥಿಗೂ ನಷ್ಟ, ನಾಡಿಗೂ ನಷ್ಟ. ಆದುದರಿಂದ ಪದಗಳನ್ನು ಕಲಿಯುವುದು ಹೇಗೆ, ಕಲಿಸುವುದು ಹೇಗೆ ಎಂಬುದು ಭಾಷೆಯ ಅಧ್ಯಾಪಕರಿಗೆ ಮಾತ್ರ ಸೇರಿದ ಪ್ರಶ್ನೆಯಲ್ಲ.

ಸಾಮಾನ್ಯವಾದ ಪದ್ಧತಿ ಎಲ್ಲರಿಗೂ ತಿಳಿದದ್ದೇ. ಟಿಪ್ಪಣಿ ಪುಸ್ತಕದ ಎಡಗಡೆ ಪದ, ಬಲಗಡೆ ಅರ್ಥ. ಪರೀಕ್ಷೆಯ ಹಿಂದಿನ ರಾತ್ರಿ ಅದನ್ನು ಹತ್ತಾರು ಸಲ ಓದುವುದು. ಈ ಶ್ರಮಕ್ಕೆ ತಕ್ಕ ಫಲವುಂಟೆ? ನೆನಪನ್ನು ಮೊಟ್ಟಮೊದಲಿಗೆ ಕ್ರಮವಾಗಿ ಅಳೆದು ನೋಡಿದವನು ಜರ್ಮನಿಯ ಹರ್ಮನ್ ಎಬಿಂಗ್‌ಹೌಸ್. ಅವನ ಗ್ರಂಥ ೧೮೮೫ರಲ್ಲಿ ಪ್ರಕಟವಾಯಿತು. ಅವನ ಪ್ರಯೋಗಗಳಿಗೆ ಅವನೇ ಪಾತ್ರ. ಅರ್ಥವಿಲ್ಲದ ಉಚ್ಚಾರಾಂಶಗಳ ಸಾಲುಗಳನ್ನು ತಪ್ಪಿಲ್ಲದೆ ಒಪ್ಪಿಸುವವರೆಗೆ ಕಲಿಯುವನು; ಕೆಲವು ಕಾಲ ಕಳೆದ ಮೇಲೆ ಅವನ್ನೇ ಮತ್ತೆ ಕಲಿತು, ಮೊದಲಿಗಿಂತ ಎಷ್ಟು ಶ್ರಮ ಉಳಿಯಿತೆಂದು ಲೆಕ್ಕ ಹಾಕುವನು. ಸುಮಾರು ೨೦ ನಿಮಿಷಗಳ ಮೇಲೆ ಉಳಿತಾಯ ಶೇಕಡ ೫೮. ಒಂದು ದಿನದ ಮೇಲೆ ೩೪. ೩೧ ದಿನಗಳ ಮೇಲೆ ೨೧. ಒಲೆಯಿಂದ ಇಳಿಸಿದ ಪಾತ್ರೆ ಮೊದಮೊದಲು ಬೇಗನೆ ಆರಿ, ಬರಬರುತ್ತ ನಿಧಾನವಾಗಿ ಆರುವುದಷ್ಟೆ? ಮರೆವಿನ ನಡೆಯೂ ಹಾಗೆಯೇ. ಅರ್ಥವುಳ್ಳ ಪದಗಳು ಇಷ್ಟು ಬೇಗ ಮರೆಯುವುದಿಲ್ಲ. ಆದರೂ ಮರೆವು ಮೊದಲಲ್ಲಿ ತೀವ್ರವಾಗಿರುವುದು ಅಲ್ಲಿಯೂ ಕಂಡುಬರುತ್ತದೆ.

ಎಬಿಂಗ್‌ಹೌಸನು ಇನ್ನೊಂದು ಸಂಗತಿಯನ್ನೂ ಕಂಡನು. ಹನ್ನೆರಡು ಉಚ್ಚಾರಾಂಶಗಳ ಸಾಲನ್ನು ಒಂದೇ ದಿನ ೬೮ ಸಲ ಓದಿದ್ದರಿಂದ ಮರುದಿನ ದೊರೆತ ಫಲವು, ಮೂರು ದಿನಗಳಲ್ಲಿ ಹಂಚಿ ೩೮ ಸಲ ಓದಿದ್ದರಿಂದಲೇ ದೊರೆಯಿತು. ಶ್ರಮ ಹೆಚ್ಚುಕಡಮೆ ಅರ್ಧಕ್ಕೆ ಇಳಿಯಿತು. ಮಾಡಿದ್ದು ಅಂತರ ಬಿಟ್ಟು ಓದಿದ್ದು, ಅಷ್ಟೆ.

ಆದರೆ ಓದುವುದೇ ಮುಖ್ಯವೊ, ನೆನಪು ಮಾಡಿಕೊಳ್ಳುವುದು ಮುಖ್ಯವೊ? ಇದಕ್ಕೆ ಅಮೆರಿಕದ ಮನಶ್ಶಾಸ್ತ್ರಜ್ಞರಾದ ಜೆಫ್ರಿ ಕಾರ್ಪಿಕಿ ಮತ್ತು ಹೆನ್ರಿ ರೋಡಿಗರ್ ಅವರು ೨೦೦೮ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಸ್ಪಷ್ಟವಾದ ಉತ್ತರವಿದೆ. ಕಾಲೇಜು ವಿದ್ಯಾರ್ಥಿಗಳಿಗೆ ಪೂರ್ವ ಆಫ್ರಿಕದ ಸ್ವಾಹಿಲಿ ಭಾಷೆಯ ೪೦ ಪದಗಳನ್ನು ಇಂಗ್ಲಿಷ್ ಅರ್ಥದೊಡನೆ ಕಲಿಸಿದರು. ಒಂದು ಪದದ ಅರ್ಥವನ್ನು ಒಮ್ಮೆ ಸರಿಯಾಗಿ ಹೇಳಿದ ಮೇಲೆ, ಕೆಲವರು ಅದನ್ನು ಮತ್ತೆ ಮತ್ತೆ ಓದಿದರು, ಆದರೆ ಅವರನ್ನು ಅದರ ಬಗೆಗೆ ಮತ್ತೆ ಪ್ರಶ್ನಿಸಲಿಲ್ಲ. ಇನ್ನು ಕೆಲವರು ಅದನ್ನು ಮತ್ತೆ ಓದಲಿಲ್ಲ, ಆದರೆ ಪ್ರತಿ ಸುತ್ತಿನಲ್ಲಿಯೂ ಅದರ ಅರ್ಥವನ್ನು ಹೇಳಬೇಕಾಯಿತು. ಒಂದು ವಾರದ ತರುವಾಯ ಮತ್ತೆ ಮತ್ತೆ ಓದಿದವರ ನೆನಪಿನಲ್ಲಿ ಉಳಿದದ್ದು ಶೇಕಡ ೩೬. ಮತ್ತೆ ಮತ್ತೆ ಉತ್ತರ ಹೇಳಿದವರ ನೆನಪಿನಲ್ಲಿ ಉಳಿದದ್ದು ಸುಮಾರು ೮೦. ಸೋಜಿಗವೆಂದರೆ, ನಿಮಗೆ ಎಷ್ಟು ನೆನಪಿರಬಹುದೆಂದು ಮೊದಲೇ ಕೇಳಿದಾಗ ಎಲ್ಲ ಗುಂಪಿನವರೂ ಸುಮಾರು ಅರ್ಧದಷ್ಟೆಂದೇ ಊಹಿಸಿದ್ದರು. ಯಾವ ಬಗೆಯ ಓದು ತನಗೆ ಹಿತವೆಂಬುದು ಕಲಿಯುವವನಿಗೇ ತಿಳಿಯದು. ಪುಟವನ್ನು ಹತ್ತನೆಯ ಸಲ ನೋಡುವಾಗ ಪದ ಪರಿಚಿತವೆನಿಸುತ್ತದೆ. ಆ ಪರಿಚಯವನ್ನೇ ನಾವು ಜ್ಞಾನವೆಂದು ಎಣಿಸುತ್ತೇವೆ.

ಈ ತತ್ತ್ವವನ್ನು ಆಚರಣೆಗೆ ತರಲು ಹಣ ಬೇಕಿಲ್ಲ. ೧೯೭೨ರಲ್ಲಿ ಸೆಬಾಸ್ಟಿಯನ್ ಲೈಟ್ನರ್ ಎಂಬ ಲೇಖಕನು ತನ್ನ ಜರ್ಮನ್ ಪುಸ್ತಕದಲ್ಲಿ ಒಂದು ಪೆಟ್ಟಿಗೆಯನ್ನು ಸೂಚಿಸಿದನು. ಕಾಗದದ ಚೀಟಿಯ ಒಂದು ಮಗ್ಗುಲಲ್ಲಿ ಪದ, ಇನ್ನೊಂದು ಮಗ್ಗುಲಲ್ಲಿ ಅರ್ಥ. ಪೆಟ್ಟಿಗೆಯಲ್ಲಿ ಐದು ಮನೆಗಳು. ಅರ್ಥವನ್ನು ನೋಡದೆ ಸರಿಯಾಗಿ ಹೇಳಿದರೆ ಚೀಟಿ ಮುಂದಿನ ಮನೆಗೆ. ತಪ್ಪಿದರೆ ಮೊದಲನೆಯ ಮನೆಗೆ. ಮೊದಲನೆಯ ಮನೆಯನ್ನು ದಿನವೂ, ಮುಂದಿನವನ್ನು ಹೆಚ್ಚು ಹೆಚ್ಚು ದಿನಗಳಿಗೊಮ್ಮೆಯೂ ನೋಡಬೇಕು. ಹೀಗೆ ಕಷ್ಟವಾದ ಪದ ಮೇಲಿಂದ ಮೇಲೆ ಎದುರಾಗುತ್ತದೆ, ಸುಲಭವಾದದ್ದು ಹೊತ್ತನ್ನು ನುಂಗುವುದಿಲ್ಲ. ಹಳೆಯ ಬೆಂಕಿಪೊಟ್ಟಣಗಳನ್ನು ಅಂಟಿಸಿಯೂ ಇಂಥ ಪೆಟ್ಟಿಗೆ ಮಾಡಬಹುದು.

ಪದಗಳನ್ನು ಬಿಡಿಸಿ ನೋಡುವುದು ಇನ್ನೊಂದು ಸಹಾಯ. ತಾಪಮಾಪಕ, ವಾಯುಭಾರಮಾಪಕ, ಆರ್ದ್ರತಾಮಾಪಕ: ಎಲ್ಲದರ ಕೊನೆಯಲ್ಲಿಯೂ ಅಳೆಯುವುದೆಂಬ ಅರ್ಥದ ‘ಮಾಪಕ’ವಿದೆ. ಇಂಗ್ಲಿಷಿನ ಥರ್ಮಾಮೀಟರ್, ಬ್ಯಾರೊಮೀಟರ್, ಹೈಗ್ರೊಮೀಟರ್‌ಗಳಲ್ಲಿಯೂ ‘ಮೀಟರ್’ ಅದೇ ಕೆಲಸ ಮಾಡುತ್ತದೆ. ಗ್ರೀಕಿನಲ್ಲಿ ‘ಥರ್ಮೋಸ್’ ಎಂದರೆ ಬಿಸಿ, ‘ಬಾರೋಸ್’ ಎಂದರೆ ಭಾರ, ‘ಹೈಗ್ರೋಸ್’ ಎಂದರೆ ತೇವವುಳ್ಳದ್ದು. ಕನ್ನಡದ ಪದವನ್ನು ಬಲ್ಲವನಿಗೆ ಇಂಗ್ಲಿಷಿನ ಪದ ಹೊಸಬನಲ್ಲ, ಬೇರೆ ಉಡುಪಿನ ಹಳೆಯ ಗೆಳೆಯ.

ಇಷ್ಟಾದರೂ ಒಂದು ಅಪಾಯ ಉಳಿದಿದೆ. ಬಲ, ಶಕ್ತಿ, ಸಾಮರ್ಥ್ಯ ಎಂಬ ಪದಗಳನ್ನು ಮನೆಮಾತಿನಲ್ಲಿ ಒಂದರ ಬದಲು ಇನ್ನೊಂದನ್ನು ಬಳಸಬಹುದು; ಭೌತಶಾಸ್ತ್ರದಲ್ಲಿ ಬಳಸಲಾಗದು. ಇಂಥ ಪದಗಳಿಗೆ ಚೀಟಿಯ ಮೇಲಿನ ವಾಕ್ಯ ಸಾಲದು, ಕಣ್ಣೆದುರಿನ ವಸ್ತು ಬೇಕು. ೨೦ ಕಿಲೋಗ್ರಾಂ ಅಕ್ಕಿಯ ಮೂಟೆಯನ್ನು ನೆಲದಿಂದ ಒಂದು ಮೀಟರ್ ಎತ್ತಿದರೆ ಆಗುವ ಕೆಲಸ ಸುಮಾರು ೧೯೬ ಜೌಲ್. ಎರಡು ಸೆಕೆಂಡುಗಳಲ್ಲಿ ಎತ್ತಿದರೆ ಸಾಮರ್ಥ್ಯ ೯೮ ವಾಟ್. ನಾಲ್ಕು ಸೆಕೆಂಡುಗಳಲ್ಲಿ ಎತ್ತಿದರೆ ೪೯. ಕೆಲಸ ಒಂದೇ, ಸಾಮರ್ಥ್ಯ ಬೇರೆ. ಮೂಟೆಯನ್ನು ಹೊತ್ತು ಸುಮ್ಮನೆ ನಿಂತವನ ಮೈ ಬೆವರಬಹುದು. ಮೂಟೆಯ ಮೇಲೆ ಮಾತ್ರ ಅವನು ಮಾಡಿದ ಕೆಲಸ ಸೊನ್ನೆ. ಈ ಲೆಕ್ಕವನ್ನು ತಾನೇ ಮಾಡಿ, ತನ್ನ ಮಾತಿನಲ್ಲಿ ವಿವರಿಸಿದ ವಿದ್ಯಾರ್ಥಿ ಆ ಪದಗಳನ್ನು ಇನ್ನು ಸುಲಭವಾಗಿ ಬೆರೆಸನು.

ಅಧ್ಯಾಪಕರು ಪಾಠದ ಮೊದಲ ಐದು ನಿಮಿಷಗಳನ್ನು ನಿನ್ನೆಯ ಎರಡು ಪದಗಳಿಗೂ ಕಳೆದ ತಿಂಗಳ ಒಂದು ಪದಕ್ಕೂ ಮೀಸಲಿಡಲಿ. ಅಂಕ ಬೇಡ, ಗದರಿಕೆಯೂ ಬೇಡ. ಪುಸ್ತಕ ಮುಚ್ಚಿರಲಿ, ಪ್ರತಿಯೊಬ್ಬನೂ ಬರೆಯಲಿ, ಒಡನೆಯೇ ಸರಿಯುತ್ತರ ತಿಳಿಯಲಿ. ವಿದ್ಯಾರ್ಥಿಗಳು ಅದಕ್ಕಾಗಿ ಕಾಯಬೇಕಾಗಿಯೂ ಇಲ್ಲ. ಈ ಲೇಖನದಲ್ಲಿ ಬಂದ ಮೂರು ಮಾಪಕಗಳ ಹೆಸರನ್ನು, ಮೇಲೆ ನೋಡದೆ, ಈಗಲೇ ಒಮ್ಮೆ ಹೇಳಿಕೊಳ್ಳಿರಿ. ನಾಳೆ ಮತ್ತೊಮ್ಮೆ, ವಾರದ ಮೇಲೆ ಇನ್ನೊಮ್ಮೆ.