ಕಾಲುಬಾಯಿ ಜ್ವರಕ್ಕೆ ಎರಡನೇ ಸೂಜಿ ಯಾಕೆ?

ನಮ್ಮದು ಶೀಳನೆರೆಯ ಮಳೆ ನಂಬಿದ ಹೊಲ. ರಾಗಿ, ಹುರುಳಿ ಕೈಕೊಟ್ಟ ವರ್ಷ ಮನೆ ನಡೆಸುವುದು ಡೈರಿಗೆ ಹಾಕುವ ಹಾಲು. 2013ರಲ್ಲಿ ಕಾಲುಬಾಯಿ ಜ್ವರ ಮಂಡ್ಯವೂ ಸೇರಿ ದಕ್ಷಿಣದ ಜಿಲ್ಲೆಗಳಲ್ಲಿ ಸಾವಿರಾರು ದನಗಳನ್ನು ತಿಂದುಹಾಕಿತು. ನಮ್ಮ ಕೊಟ್ಟಿಗೆಯಲ್ಲಿ ಬೆಳಗ್ಗೆ ಚೆನ್ನಾಗಿದ್ದ ಆರು ತಿಂಗಳ ಹೆಣ್ಣುಗರು ಮಧ್ಯಾಹ್ನಕ್ಕೆ ಬಿದ್ದು ಸತ್ತಿತು. ಎಳೆಗರುಗಳಿಗೆ ಈ ರೋಗ ಗುಂಡಿಗೆಗೇ ಹೊಡೆಯುತ್ತದಂತೆ. ಹಸು ಬದುಕಿತು. ಆದರೆ ಬಿಸಿಲೇರಿದರೆ ಏದುಸಿರು. ಹಾಲು ಮೊದಲಿನ ಅರ್ಧಕ್ಕೂ ಬರಲಿಲ್ಲ.

ತಪ್ಪು ನನ್ನದೇ. ಕರುವಿಗೆ ಮೊದಲ ಸೂಜಿ ಹಾಕಿಸಿದ್ದೆ. ತಿಂಗಳ ಮೇಲೆ ಇನ್ನೊಂದು ಹಾಕಿಸಿ ಅಂದಿದ್ದರು. ‘ಒಂದು ಆಯ್ತಲ್ಲ, ಸಾಕು ಬಿಡಿ’ ಅಂದುಬಿಟ್ಟೆ. ಹಾಲು ಕಮ್ಮಿಯಾಗುತ್ತೆ ಅಂತ ಹಸುವಿಗೆ ಹಾಕಿಸಲೇ ಇಲ್ಲ.

ಒಂದು ಯಾಕೆ ಸಾಲದು? ನಮ್ಮ ಹಿರಿಯರ ಕಾಲದ ದೊಡ್ಡರೋಗಕ್ಕೆ ಒಂದೇ ಸೂಜಿ ದನದ ಆಯಸ್ಸಿಡೀ ಕಾಯುತ್ತಿತ್ತು. ಅದರಲ್ಲಿದ್ದದ್ದು ಶಕ್ತಿ ಕುಂದಿಸಿದ ಜೀವಂತ ರೋಗಾಣು. ಆ ಲಸಿಕೆಯಿಂದಲೇ ದೊಡ್ಡರೋಗ ನಿರ್ಮೂಲವಾಗಿ, 2011ರಲ್ಲಿ ಲೋಕದಲ್ಲೇ ಇಲ್ಲವೆಂದು ಸಾರಿದರು. ಕಾಲುಬಾಯಿ ಲಸಿಕೆಯಲ್ಲಿರುವುದು ಸತ್ತ ರೋಗಾಣು. ಅದು ಮೈಯಲ್ಲಿ ಬೆಳೆಯಲ್ಲ, ರೋಗದ ಗುರುತನ್ನಷ್ಟೇ ತೋರಿಸುತ್ತೆ. ಮೊದಲ ಮಳೆಗೆ ಮಣ್ಣು ನೆನೆಯುತ್ತೆ, ಎರಡನೆಯದಕ್ಕೆ ಹದ ಬರುತ್ತೆ ಅಲ್ಲವೇ, ಹಾಗೆ. ಎರಡನೇ ಸೂಜಿಗೆ ಮೈ ಗುರುತು ಹಿಡಿದು ಬೇಗ, ಹೆಚ್ಚಾಗಿ ತಡೆಶಕ್ತಿ ಕಟ್ಟುತ್ತೆ. ಆ ಹದವೂ ಆರುತ್ತೆ, ಅದಕ್ಕೇ ಆರು ತಿಂಗಳಿಗೊಮ್ಮೆ ಮತ್ತೆ.

ಲೆಕ್ಕ ಹೀಗಿದೆ: ಕರುವಿಗೆ ನಾಲ್ಕು ತಿಂಗಳಿಗೆ ಮೊದಲನೆಯದು, ಮತ್ತೊಂದು ತಿಂಗಳಿಗೆ ಎರಡನೆಯದು, ಆಮೇಲೆ ಆರಾರು ತಿಂಗಳಿಗೆ. ಇನ್ನೂ ಮುಂಚೆ ಹಾಕಿದರೆ ತಾಯಿಯ ಗಿಣ್ಣುಹಾಲಿನಿಂದ ಬಂದ ರಕ್ಷಣೆಯೇ ಲಸಿಕೆಯನ್ನು ಕೆಲಸ ಮಾಡಗೊಡದು. ರೋಗ ಬಂದು ವಾಸಿಯಾದ ದನಕ್ಕೂ ಹಾಕಿಸಬೇಕು. ನಮ್ಮ ದೇಶದಲ್ಲಿ ಓ, ಎ, ಏಷ್ಯಾ-1 ಅಂತ ಮೂರು ಬಗೆಯ ರೋಗಾಣು ಇವೆ. ಒಂದರದು ಇನ್ನೊಂದನ್ನು ತಡೆಯಲ್ಲ.

ಹಾಲು ಕಮ್ಮಿಯಾಗುವುದು ನಿಜ, ಆದರೆ ಎರಡು ಮೂರು ದಿನ ಅಷ್ಟೆ. ರೋಗ ಬಂದರೆ ಸೂಲೇ ಹೋಗುತ್ತೆ. ಸೂಜಿ ಹಾಕಿದ ದಿನವೇ ರಕ್ಷಣೆ ಬರಲ್ಲ, ಎರಡು ಮೂರು ವಾರ ಬೇಕು. ಹೇಮಗಿರಿ ಜಾತ್ರೆಗೆ ದನ ಹೊಡೆಯುವವರು ಅಷ್ಟು ಮುಂಚೆಯೇ ಹಾಕಿಸಿ. ಜಾತ್ರೆಯಿಂದ ತಂದದ್ದನ್ನು ಕೆಲವು ವಾರ ಬೇರೆ ಕಟ್ಟಿ.

ಕೊರೋನಾಕ್ಕೂ 2022ರಲ್ಲಿ ಮೂರನೇ ಸೂಜಿ ಅಂದರು. ಎರಡಕ್ಕೆ ಸಾಲು ನಿಂತವರು ಅದಕ್ಕೆ ಬರಲಿಲ್ಲ. ಭಯ ಹೋದರೆ ಸೂಜಿ ಮರೆತೇಹೋಗುತ್ತೆ. ದನದ ವಿಷಯದಲ್ಲೂ ಹಾಗೇ. ಊರಲ್ಲಿ ಹತ್ತು ದನಕ್ಕೆ ಎಂಟಕ್ಕಾದರೂ ಆಗದಿದ್ದರೆ ರೋಗಕ್ಕೆ ದಾರಿ ಸಿಗುತ್ತೆ. 2019ರ ಕೇಂದ್ರದ ಕಾರ್ಯಕ್ರಮದಿಂದ ಈ ಲಸಿಕೆಗೆ ಕಾಸಿಲ್ಲ. ನಮ್ಮ ಕೆಲಸ ದನ ಹಿಡಿದು ನಿಲ್ಲುವುದಷ್ಟೆ. ನಾನೀಗ ತಾರೀಕನ್ನು ಕೊಟ್ಟಿಗೆ ಬಾಗಿಲ ಮೇಲೆ ಸುಣ್ಣದಲ್ಲಿ ಬರೆದಿಡುತ್ತೇನೆ.