ಟ್ರಾಕ್ಟರು ಎಳೆಯುವ ಟ್ರೈಲರಿನ ಬಲದ ಲೆಕ್ಕ

ತುಂಬಿದ ಗಾಡಿಯು ದಿಬ್ಬವನ್ನೇರುವಾಗ ಎತ್ತುಗಳು ಕೊರಳು ತಗ್ಗಿಸಿ ಎಳೆಯುವುದನ್ನೂ, ಇಳಿಯುವಾಗ ಅದೇ ಗಾಡಿಯು ಹಿಂದಿನಿಂದ ಅವನ್ನು ನೂಕುವುದನ್ನೂ ರೈತರೆಲ್ಲರೂ ಬಲ್ಲರು. ಟ್ರಾಕ್ಟರಿಗೂ ಇದೇ ನಿಯಮವು ಸಲ್ಲುವುದು. ಆದರೆ ಎತ್ತು ತನ್ನ ಕಷ್ಟವನ್ನು ತೋರ್ಪಡಿಸುವುದು, ಯಂತ್ರವು ತೋರಿಸದು. ಆದುದರಿಂದ ಲೆಕ್ಕವನ್ನು ಮೊದಲೇ ಮಾಡಿಕೊಳ್ಳತಕ್ಕದ್ದು.

ಎಳೆತಕ್ಕೆ ಎರಡು ಬಗೆಯ ತಡೆಗಳುಂಟು. ಮೊದಲನೆಯದು ಚಕ್ರವು ಉರುಳುವಾಗಿನ ತಡೆ. ಇದು ಗಟ್ಟಿ ದಾರಿಯಲ್ಲಿ ಭಾರದ ಸುಮಾರು 50ರಲ್ಲಿ 1 ಪಾಲು. ಮೆತ್ತನೆಯ ಹೊಲದಲ್ಲಿ 10ರಲ್ಲಿ 1 ಪಾಲು ಅಥವಾ ಅದಕ್ಕೂ ಮಿಗಿಲು. ಎರಡನೆಯದು ಏರಿನ ತಡೆ. 10 ಅಡಿಗೆ 1 ಅಡಿ ಏರುವ ದಾರಿಯಲ್ಲಿ ಇದು ಭಾರದ 10ರಲ್ಲಿ 1 ಪಾಲು.

ಉದಾಹರಣೆಗೆ, 2,000 ಕಿಲೋ ತೂಕದ ಟ್ರಾಕ್ಟರು ಕಬ್ಬು ತುಂಬಿದ 5,000 ಕಿಲೋ ತೂಕದ ನಾಲ್ಕು ಚಕ್ರದ ಟ್ರೈಲರನ್ನು ಅಂತಹ ಗಟ್ಟಿ ಏರಿನಲ್ಲಿ ಎಳೆಯುವುದೆಂದು ಭಾವಿಸೋಣ. ಟ್ರೈಲರಿಗೆ 100 ಮತ್ತು 500, ಕೂಡಿ 600 ಕಿಲೋ ಬಲವು ಕೊಂಡಿಯ ಮೇಲೆ ಬೀಳುವುದು. ಟ್ರಾಕ್ಟರು ತಾನೇ ಏರಲು 240 ಕಿಲೋ. ಒಟ್ಟು 840. ಹಿಂದಿನ ಚಕ್ರಗಳ ಮೇಲೆ 1,400 ಕಿಲೋ ಭಾರವಿದ್ದರೆ, ಒಣ ದಾರಿಯಲ್ಲಿ ಅದರ 100ಕ್ಕೆ 65ರಂತೆ 910 ಕಿಲೋ ಹಿಡಿತ ದೊರೆಯುವುದು, ಬಂಡಿ ಏರುವುದು. ಮಳೆಗೆ ಮೇಲ್ಮಣ್ಣು ಕೆಸರಾದರೆ ಹಿಡಿತವು 100ಕ್ಕೆ 30ರಂತೆ 420ಕ್ಕೆ ಇಳಿದು, ಚಕ್ರಗಳು ನಿಂತಲ್ಲೇ ತಿರುಗುವುವು. ಎಂಜಿನ್ನು ಎಷ್ಟು ಬಲವಾದುದಾದರೂ ಪ್ರಯೋಜನವಿಲ್ಲ.

ಇಳಿಜಾರಿನಲ್ಲಿ ಅಪಾಯವು ಇನ್ನೂ ಹೆಚ್ಚು. ಅಲ್ಲಿ 7,000 ಕಿಲೋ ಭಾರವು 700 ಕಿಲೋ ಬಲದಿಂದ ಕೆಳಕ್ಕೆ ಜಗ್ಗುವುದು. ಉರುಳುವ ತಡೆ 140 ಕಳೆದು 560 ಉಳಿಯುವುದು. ಟ್ರೈಲರಿಗೆ ಬ್ರೇಕಿಲ್ಲದಿದ್ದರೆ ಇದಷ್ಟನ್ನೂ ಟ್ರಾಕ್ಟರಿನ ಹಿಂದಿನ ಚಕ್ರಗಳೇ ತಡೆಯಬೇಕು. ಕೆಸರಿನಲ್ಲಿ ಹಿಡಿತ 420 ಮಾತ್ರವಾದುದರಿಂದ, ಬ್ರೇಕನ್ನು ಒತ್ತಿದಷ್ಟೂ ಚಕ್ರಗಳು ಜಾರುವುವು. ಟ್ರೈಲರು ಹಿಂದಿನಿಂದ ನೂಕಿ ಟ್ರಾಕ್ಟರನ್ನು ಅಡ್ಡಕ್ಕೆ ತಿರುಗಿಸುವುದು. ಒಣ ದಾರಿಯಲ್ಲಿಯೂ, ಗಂಟೆಗೆ 18 ಕಿಲೋಮೀಟರು ವೇಗದಿಂದ 10 ಮೀಟರಿನೊಳಗೆ ನಿಲ್ಲಿಸಲು ಇನ್ನೂ ಸುಮಾರು 890 ಕಿಲೋ ಬೇಕು. ಒಟ್ಟು 1,450, ಇರುವ ಹಿಡಿತವೋ 910.

ಟ್ರೈಲರಿನ ತೂಕವನ್ನು 2,500 ಕಿಲೋಗೆ ಇಳಿಸಿದರೆ, ಅದೇ ಇಳಿಜಾರಿನಲ್ಲಿ ತಡೆಯಬೇಕಾದುದು 360 ಮಾತ್ರ. ಆಗಲೂ ಕೆಸರಿನಲ್ಲಿ ನಿಲ್ಲಿಸಲು ಉಳಿಯುವ ಹಿಡಿತವು 60 ಕಿಲೋ ಎಂಬುದನ್ನು ಮರೆಯಲಾಗದು.

ಆದಕಾರಣ ರೈತರು ಈ ಕೆಳಗಿನವನ್ನು ಆಚರಿಸತಕ್ಕದ್ದು:

1. ಟ್ರೈಲರಿಗೆ ಬ್ರೇಕು ಇರಲೇಬೇಕು.
2. ಇಳಿಜಾರಿಗೆ ಮುಂಚೆಯೇ ತಗ್ಗಿನ ಗೇರು ಹಾಕಬೇಕು. ಗೇರು ತಪ್ಪಿಸಿ ಬಂಡಿಯನ್ನು ಎಂದಿಗೂ ಬಿಡಬಾರದು.
3. ಕೊಂಡಿಯನ್ನು ಹಿಂದಿನ ಅಚ್ಚಿಗಿಂತ ಕೆಳಗೇ ಕಟ್ಟಬೇಕು. ಮೇಲೆ ಕಟ್ಟಿದರೆ ಏರಿನಲ್ಲಿ ಮುಂದಿನ ಚಕ್ರಗಳು ಎದ್ದು, ಟ್ರಾಕ್ಟರು ಚಾಲಕನ ಮೇಲೆಯೇ ಮಗುಚುವ ಭಯವುಂಟು.
4. ಕೊಂಡಿಯ ಮೇಲಾಗಲಿ ಹೇರಿನ ಮೇಲಾಗಲಿ ಆಳುಗಳನ್ನು ಕೂರಿಸಲಾಗದು.

ಒಂದು ಹೇರನ್ನು ಎರಡಾಗಿ ಸಾಗಿಸಿದರೆ ಅರ್ಧ ದಿನ ಹೋದೀತು. ಹೋದ ಪ್ರಾಣವು ಮರಳಿ ಬಾರದು. ಗ್ರಾಮದ ಮುಖಂಡರು ಸುಗ್ಗಿಗೆ ಮುಂಚೆ ಈ ಸಂಗತಿಯನ್ನು ಚಾಲಕರಿಗೆ ತಿಳಿಯಹೇಳುವುದು ಉಚಿತ.