ಬೆಸ್ತರಿಂದ ಮೀನು ಕೃಷಿಕರವರೆಗೆ

ಮಂಡ್ಯ ಜಿಲ್ಲೆಯ ಬೆಸಗರಹಳ್ಳಿಯಿಂದ ಹೊರಟು ಕರ್ನಾಟಕ ಸುತ್ತಿದರೆ ಮೀನು ಹಿಡಿಯುವವರ ಹೆಸರು ಬದಲಾಗುತ್ತಲೇ ಹೋಗುತ್ತದೆ. ಮದ್ದೂರು, ಮಳವಳ್ಳಿ ಕಡೆ ಬೆಸ್ತರು. ಘಟ್ಟ ಇಳಿದರೆ ಮೊಗವೀರರು. ಉತ್ತರ ಕನ್ನಡದ ಕರಾವಳಿಯಲ್ಲಿ ಖಾರ್ವಿ, ಗಾಬಿತರು. ಕಲಬುರಗಿ, ಯಾದಗಿರಿ ಸೀಮೆಯಲ್ಲಿ ಕಬ್ಬಲಿಗರು.

ಹಳೆ ಮೈಸೂರಿನೊಳಗೇ ಹಲವು ಹೆಸರುಗಳಿದ್ದವು. ಮೂಡಲಲ್ಲಿ ಬೆಸ್ತ, ತೆಂಕಲಲ್ಲಿ ತೊರೆಯ, ಅಂಬಿಗ, ಪರಿವಾರ, ಪಡುವಲಲ್ಲಿ ಗಂಗೆಮಕ್ಕಳು ಎಂದು ಮೈಸೂರು ಜನಗಣತಿ ವರದಿ ವಿಂಗಡಿಸಿತು. 1909ರಲ್ಲಿ ಎಡ್ಗರ್ ಥರ್ಸ್ಟನ್ ದಕ್ಷಿಣ ಭಾರತದ ಜಾತಿ, ಬುಡಕಟ್ಟುಗಳ ಕುರಿತ ತಮ್ಮ ಸಂಪುಟಗಳಲ್ಲಿ ಅದನ್ನು ಎತ್ತಿ ಬರೆದರು. ಆ ವರದಿಯ ಪ್ರಕಾರ ಈ ಜನ ಬಲೆ ಬೀಸುತ್ತಿದ್ದರು, ಪಲ್ಲಕ್ಕಿ ಹೊರುತ್ತಿದ್ದರು, ಸುಣ್ಣ ಸುಡುತ್ತಿದ್ದರು. ಹೆಸರಿನಂತೆ ಹೊಟ್ಟೆಪಾಡೂ ಹಲವು. ಅಂಬಿಗ ಎಂಬ ಹೆಸರಿನ ಹಿಂದೆ ದೋಣಿಯಿದೆ. 12ನೇ ಶತಮಾನದ ವಚನಕಾರ ಚೌಡಯ್ಯ ಆ ಹೆಸರನ್ನು ಹೆಮ್ಮೆಯಿಂದಲೇ ಹೊತ್ತರು.

ಕೃಷ್ಣರಾಜಸಾಗರದ ನಾಲೆ ನೀರು ಮಂಡ್ಯದ ಬಯಲಿಗೆ ಹರಿದು ಬೇಸಾಯ ಬದಲಾಯಿತು. ಕೆರೆಯ ಮೀನಿನ ಕಥೆ ಬದಲಾದದ್ದು ಆಮೇಲೆ. 1957ರ ಜುಲೈ 10ರಂದು ಒಡಿಶಾದಲ್ಲಿ ಮೀನು ವಿಜ್ಞಾನಿ ಹೀರಾಲಾಲ್ ಚೌಧುರಿ ಹಾರ್ಮೋನು ಚುಚ್ಚುಮದ್ದು ಕೊಟ್ಟು ಗೆಂಡೆ ಜಾತಿಯ ಮೀನುಗಳಿಂದ ಮೊಟ್ಟೆ ಇಡಿಸಿದರು. ಹೊಳೆಯಲ್ಲಿ ಮರಿ ಹುಡುಕುವ ಕಾಲ ಹೋಗಿ, ಕಾಟ್ಲಾ, ರೋಹು ಮರಿಗಳನ್ನು ತಂದು ಕೆರೆಗೆ ಬಿಡುವ ಕಾಲ ಬಂತು. ಹಿಡಿಯುವವರ ಪಕ್ಕದಲ್ಲಿ ಸಾಕುವವರು ಹುಟ್ಟಿಕೊಂಡರು. ಸರ್ಕಾರಿ ಕಡತಕ್ಕೆ 'ಮೀನು ಕೃಷಿಕ' ಸೇರಿದ. ದೊಡ್ಡ ಕೆರೆಗಳು ಇಲಾಖೆಯಿಂದ, ಚಿಕ್ಕವು ಪಂಚಾಯಿತಿಯಿಂದ ಗುತ್ತಿಗೆಗೆ ಬಂದಾಗ ಕುಲಕ್ಕಿಂತ ಗುತ್ತಿಗೆ ಪತ್ರದ ಮೇಲಿನ ಸಹಿಗೆ ಬೆಲೆ ಬಂತು.

ಈ ಹೆಸರುಗಳೆಲ್ಲ ಬಹುಮಟ್ಟಿಗೆ ಬಲೆ ಹಿಡಿದ ಕೈಯನ್ನು ಕಂಡವು. ಮೀನು ಆಯುವವಳು, ಒಣಗಿಸುವವಳು, ಬುಟ್ಟಿ ಹೊತ್ತು ಸಂತೆಗೆ ನಡೆಯುವವಳು ಅವುಗಳ ಅಂಚಿನಲ್ಲೇ ಉಳಿದಳು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆ 2014ರಲ್ಲಿ ಒಪ್ಪಿದ ಸಣ್ಣ ಮೀನುಗಾರಿಕೆಯ ಮಾರ್ಗಸೂಚಿ, ಹಿಡಿಯುವ ಮೊದಲಿನ ಮತ್ತು ನಂತರದ ಕೆಲಸವನ್ನೂ ಮೀನುಗಾರಿಕೆಯೆಂದೇ ಎಣಿಸಿತು. ಕರ್ನಾಟಕದ 2023ರ ಜುಲೈ ಬಜೆಟ್ ಮೀನುಗಾರ ಮಹಿಳೆಯರ ಬಡ್ಡಿರಹಿತ ಸಾಲದ ಮಿತಿಯನ್ನು 50 ಸಾವಿರದಿಂದ 3 ಲಕ್ಷ ರೂಪಾಯಿಗೆ ಏರಿಸಿತು.

'ಮೀನುಗಾರರು' ಎಂದರೆ ಕನ್ನಡದಲ್ಲಿ ಗಂಡೂ ಸೈ, ಹೆಣ್ಣೂ ಸೈ. ಭಾಷೆಗೆ ಇರದ ತಕರಾರು ಮೀನುಗಾರರ ಸಹಕಾರಿ ಸೊಸೈಟಿಯ ಸದಸ್ಯತ್ವದ ಪುಸ್ತಕಕ್ಕೇಕೆ? ಕೆರೆಯ ಗುತ್ತಿಗೆ, ಸೊಸೈಟಿಯ ಷೇರು, ಸಾಲದ ಅರ್ಜಿ, ಈ ಮೂರರಲ್ಲೂ ಸಂತೆಯಲ್ಲಿ ತಕ್ಕಡಿ ಹಿಡಿದವಳ ಹೆಸರು ಬರಬೇಕು.